ಗೋದಾಮಿನ ತಗಡು ಮತ್ತು ಗಾಳಿಯ ಲೆಕ್ಕ



ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಂಘದ ಷೇರು, ಸಾಲ, ಲಾಭದ ವಿಷಯ ಬೇರೆಯವರು ಬರೆದಿದ್ದಾರೆ. ನಾವು ಗೋದಾಮಿನ ತಲೆ ಮೇಲಿನ ತಗಡಿನ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳಬಯಸುತ್ತೇವೆ. ಚಾವಣಿ ಬದಲಿಸುವ ವಿಷಯ ಮುಂದಿನ ಸರ್ವ ಸದಸ್ಯರ ಸಭೆಗೆ ಬರಲಿದೆ. ಒಳಗಿರುವುದು ನಮ್ಮೆಲ್ಲರ ಗೊಬ್ಬರ, ನಮ್ಮೆಲ್ಲರ ಕಾಳು. ಆದ್ದರಿಂದ ವಿಷಯ ತಿಳಿದು ಕೈ ಎತ್ತುವುದು ಒಳ್ಳೆಯದು.

ನಮ್ಮ ಹಿರಿಯರ ಕಾಲಕ್ಕೆ ಹುಲ್ಲಿನ ಮಾಡು, ಮಣ್ಣಿನ ಮಾಳಿಗೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚು ಊರೂರಿಗೆ ಬಂತು. ಅಲೆಅಲೆಯಾದ ಕಬ್ಬಿಣದ ತಗಡು ಅದಕ್ಕೂ ಹಿಂದಿನದು. 1829ರಲ್ಲಿ ಲಂಡನ್ನಿನ ಹೆನ್ರಿ ಪಾಮರ್ ಎಂಬ ಇಂಜಿನಿಯರ್ ಅದಕ್ಕೆ ಪೇಟೆಂಟ್ ಪಡೆದರು. ತಗಡು ಹಗುರ, ಸಾಗಿಸುವುದು ಸುಲಭ. ಆದರೆ ಆ ಹಗುರತನವೇ ಅದರ ಶತ್ರು.

ಗಾಳಿ ತಗಡನ್ನು ಕೆಳಕ್ಕೆ ಒತ್ತುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಂಗಲ್ಲ, ಮೇಲಕ್ಕೆ ಹೀರುತ್ತದೆ. ಭಾರತೀಯ ಮಾನಕದ ಪ್ರಕಾರ ಬೆಂಗಳೂರಿಗೆ ಹಿಡಿಯುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಲೆಕ್ಕ ಹಾಕಿದರೆ 33 ಮೀಟರಿಗೆ ಪ್ರತಿ ಚದರ ಮೀಟರಿಗೆ ಸುಮಾರು 66 ಕೆಜಿ ಒತ್ತಡ, 39ಕ್ಕೆ ಸುಮಾರು 93 ಕೆಜಿ. ಅರ್ಧ ಮಿಲಿಮೀಟರ್ ತಗಡಿನ ತೂಕವೋ ಚದರ ಮೀಟರಿಗೆ 4-5 ಕೆಜಿ ಅಷ್ಟೇ! ಮೇಲೊಂದು ಕಲ್ಲು ಹೇರಿದರೆ ಸಾಕೇ? ಸೂರಿನ ಅಂಚು, ಮೂಲೆ, ಕೋಡಿನ ಹತ್ತಿರ ಈ ಹೀರುವಿಕೆ ಇನ್ನೂ ಜಾಸ್ತಿ. ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿಯೂ ಕೆಳಗಿನಿಂದ ನೂಕುತ್ತದೆ.

ಇದರ ಪಾಠವನ್ನು ಲೋಕಕ್ಕೆ ಕಲಿಸಿದ್ದು ಆಸ್ಟ್ರೇಲಿಯಾದ ಡಾರ್ವಿನ್ ಪಟ್ಟಣ. 1974ರ ಡಿಸೆಂಬರ್ 25ರ ನಸುಕಿನಲ್ಲಿ ಟ್ರೇಸಿ ಚಂಡಮಾರುತ ಬಡಿಯಿತು. ಗಂಟೆಗೆ 217 ಕಿ.ಮೀ. ದಾಖಲಾದ ಮೇಲೆ ಮಾಪಕವೇ ಕೆಟ್ಟುಹೋಯಿತು. 66 ಜನ ತೀರಿಕೊಂಡರು, ಊರಿನ ಬಹುಪಾಲು ಮನೆಗಳು ಹಾಳಾದವು. ಇಂಜಿನಿಯರ್ ಜಾರ್ಜ್ ವಾಕರ್ ಮೊದಲಾದವರು ಪರಿಶೀಲಿಸಿದಾಗ ತಿಳಿದದ್ದೇನು? ಅನೇಕ ಕಡೆ ಸ್ಕ್ರೂ ಕಿತ್ತಿರಲಿಲ್ಲ, ಮುರಿದಿರಲಿಲ್ಲ. ಗಾಳಿ ಬಿಟ್ಟು ಬಿಟ್ಟು ಎಳೆದಾಗ ಸ್ಕ್ರೂ ತಲೆಯ ಸುತ್ತ ತಗಡು ಸೀಳಿ, ಸ್ಕ್ರೂ ಅಲ್ಲೇ ಉಳಿದು ತಗಡು ಹಾರಿತ್ತು. ತಂತಿಯನ್ನು ಬಾಗಿಸಿ ಬಾಗಿಸಿ ನಾವು ಮುರಿಯುವುದಿಲ್ಲವೇ, ಅದೇ ರೀತಿ. ಆಮೇಲೆ ಅಲ್ಲಿ ತಗಡನ್ನು ಸಾವಿರಾರು ಸಲ ಎಳೆದು ಬಿಟ್ಟು ಪರೀಕ್ಷಿಸುವ ಪದ್ಧತಿ ಬಂತು. 1977ರಲ್ಲಿ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ಅದಕ್ಕೆಂದೇ ಒಂದು ಕೇಂದ್ರ ತೆರೆಯಿತು.

ಈಗ ನಮ್ಮ ಮುಂದೆ ಮೂರು ದಾರಿ ಇವೆ.

ಒಂದು, ಹಳೇ ಜೆ-ಬೋಲ್ಟು. ಪರ್ಲಿನ್ನಿಗೆ ಕೊಕ್ಕೆ ಹಾಕಿ ಹಿಡಿಯುತ್ತದೆ, ಊರಿನ ಕಮ್ಮಾರನೂ ರಿಪೇರಿ ಮಾಡಬಲ್ಲ. ಆದರೆ ಭಾರ ಮಿತಿ ಮೀರಿದರೆ ಕೊಕ್ಕೆ ನೆಟ್ಟಗಾಗುತ್ತದೆ, ವಾಷರು ಒಣಗಿದರೆ ಸೋರುತ್ತದೆ.

ಎರಡು, ತಾನೇ ಕೊರೆದುಕೊಂಡು ಹೋಗುವ ಸ್ಕ್ರೂ. ಕೆಲಸ ಬೇಗ. ಅಲೆಯ ಏರಿನ ಮೇಲೆ ಹೊಡೆದರೆ ನೀರು ನಿಲ್ಲುವುದಿಲ್ಲ. ಬರೀ ರಬ್ಬರ್ ವಾಷರು ಸಾಲದು, ಗಾಳಿ ಸೀಮೆಯಲ್ಲಿ ಅಲೆಯ ಆಕಾರದ ಅಗಲ ಲೋಹದ ವಾಷರು ಬೇಕು. ಅದು ಎಳೆತವನ್ನು ಹಂಚಿ ತಗಡು ಸೀಳದಂತೆ ಕಾಯುತ್ತದೆ.

ಮೂರು, ತೂತೇ ಇಲ್ಲದ ಕ್ಲಿಪ್ಪಿನ ಚಾವಣಿ. ಸೋರುವ ಭಯ ಕಡಿಮೆ. ಆದರೆ ಗಾಳಿ ತಡೆಯುವುದೆಲ್ಲ ಕ್ಲಿಪ್ಪಿನ ಹಿಡಿತದ ಮೇಲೆ. ಪರೀಕ್ಷೆಯ ವರದಿ ನೋಡದೆ ಒಪ್ಪಬಾರದು, ರಿಪೇರಿಗೂ ಪಳಗಿದ ಕೈ ಬೇಕು.

ನಮ್ಮ ಅಭಿಪ್ರಾಯ ಎರಡನೆಯದಕ್ಕೆ. ನಡುವೆ ಸ್ಕ್ರೂ ಸ್ವಲ್ಪ ದೂರ ಇದ್ದರೂ, ಸೂರು, ಕೋಡು, ಅಂಚುಗಳಲ್ಲಿ ಪ್ರತಿ ಏರಿಗೂ ಒಂದೊಂದು ಬೀಳಬೇಕು, ಪರ್ಲಿನ್ನೂ ಹತ್ತಿರ ಹತ್ತಿರ ಇರಬೇಕು. ಸ್ಕ್ರೂವಿನಿಂದ ಪರ್ಲಿನ್, ಪರ್ಲಿನ್ನಿನಿಂದ ಟ್ರಸ್, ಟ್ರಸ್ಸಿನಿಂದ ಗೋಡೆ, ಪಾಯದವರೆಗೆ ಸರಪಳಿ ಗಟ್ಟಿಯಿರಬೇಕು. ಒಂದು ಕೊಂಡಿ ಸಡಿಲಾದರೂ ಉಳಿದದ್ದೆಲ್ಲ ವ್ಯರ್ಥ.

ಕೊಟೇಶನ್ ಕರೆದಾಗ ಬರೀ ಮೊತ್ತ ನೋಡಬೇಡಿ. ತಗಡಿನ ದಪ್ಪ ಎಷ್ಟು, ವಾಷರು ಯಾವುದು, ಅಂಚಿನಲ್ಲಿ ಸ್ಕ್ರೂ ಎಷ್ಟು, ಯಾವ ಗಾಳಿವೇಗಕ್ಕೆ ಲೆಕ್ಕ ಹಾಕಿದ್ದಾರೆ ಎಂಬ ನಾಲ್ಕು ಪ್ರಶ್ನೆ ಕೇಳಿ. ಲೆಕ್ಕವನ್ನು ಇಂಜಿನಿಯರ್ ಸಹಿಯೊಂದಿಗೆ ತರಲು ಹೇಳಿ. ವಾಷರಿನಲ್ಲಿ ಉಳಿಸಿದ ದುಡ್ಡು ಒಂದು ಏಪ್ರಿಲ್ ಗಾಳಿಗೆ ಬಡ್ಡಿ ಸಮೇತ ಹೋದೀತು. ಆದುದರಿಂದ ಸದಸ್ಯರೆಲ್ಲರೂ ಸಭೆಗೆ ತಪ್ಪದೆ ಬಂದು ಚರ್ಚಿಸಿ ತೀರ್ಮಾನ ಮಾಡಬೇಕೆಂದು ಕೋರುತ್ತೇವೆ.