ಆಟದ ಮನೆಗೂ ಒಂದು ಬೀಗ



ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ, ಅವರಿಗೊಂದು ಗೇಮಿಂಗ್ ಖಾತೆಯೂ ಇರಬಹುದು. ಅದರ ಪಾಸ್‌ವರ್ಡ್ ಎಷ್ಟು ಗಟ್ಟಿ ಎಂದು ಎಂದಾದರೂ ವಿಚಾರಿಸಿದ್ದೀರಾ? "ಆಟ ತಾನೇ, ಬ್ಯಾಂಕ್ ಏನಲ್ಲವಲ್ಲ" ಎಂದು ಎಷ್ಟೋ ಮಂದಿ ಸುಮ್ಮನಿರುತ್ತಾರೆ. ಆದರೆ ಲಾಗಿನ್ ಎಂಬ ಪದ್ಧತಿ ನಡೆದು ಬಂದ ಅರವತ್ತು ವರ್ಷಗಳ ದಾರಿಯನ್ನು ನೋಡಿದರೆ, ಕಳ್ಳರು ಆಟವನ್ನು ಎಂದೂ ಬರೀ ಆಟವೆಂದು ಭಾವಿಸಲಿಲ್ಲ ಎನ್ನುವುದು ತಿಳಿಯುತ್ತದೆ.

ಕಥೆ ಶುರುವಾಗುವುದು ಅಮೆರಿಕದ ಎಂಐಟಿಯಲ್ಲಿ, 1961ರಲ್ಲಿ. ಆಗ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ. ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವಂತೆ ಫರ್ನಾಂಡೋ ಕೊರ್ಬಾಟೋ ಮತ್ತು ಅವರ ತಂಡ ಸಿಟಿಎಸ್ಎಸ್ ಎಂಬ ವ್ಯವಸ್ಥೆ ಕಟ್ಟಿತು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದು, ಒಬ್ಬರ ಪಾಲಿನ ಸಮಯವನ್ನು ಇನ್ನೊಬ್ಬರು ಬಳಸಬಾರದು. ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದೊಂದು ಪಾಸ್‌ವರ್ಡ್ ಕೊಟ್ಟರು.

ಆ ಬೀಗ ಒಂದು ವರ್ಷವೂ ಸರಿಯಾಗಿ ನಿಲ್ಲಲಿಲ್ಲ. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಗುತ್ತಿದ್ದ ನಾಲ್ಕು ಗಂಟೆ ಸಾಲುತ್ತಿರಲಿಲ್ಲ. ಪಂಚ್ ಕಾರ್ಡ್ ಕೊಟ್ಟು ಕೇಳಿದರೆ ಯಾವ ಕಡತವನ್ನಾದರೂ ಮುದ್ರಿಸಿ ಇಡುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. 1962ರ ಒಂದು ಶುಕ್ರವಾರ ರಾತ್ರಿ ಪಾಸ್‌ವರ್ಡ್‌ಗಳ ಕಡತವನ್ನೇ ಕೇಳಿದರು. ಶನಿವಾರ ಬೆಳಿಗ್ಗೆ ಇಡೀ ಪಟ್ಟಿ ಕೈಯಲ್ಲಿತ್ತು! 1966ರಲ್ಲಿ ಇನ್ನೊಂದು ಫಜೀತಿ. ಸ್ವಾಗತ ಸಂದೇಶದ ಕಡತವೂ ಪಾಸ್‌ವರ್ಡ್ ಕಡತವೂ ತಿದ್ದುವಾಗ ಅದಲು ಬದಲಾಗಿ, ಲಾಗಿನ್ ಆದವರಿಗೆಲ್ಲ ಎಲ್ಲರ ಪಾಸ್‌ವರ್ಡ್‌ಗಳೂ ಕಾಣಿಸಿಕೊಂಡವು. ಗುಟ್ಟನ್ನು ಇದ್ದ ಹಾಗೆಯೇ ಬರೆದಿಟ್ಟರೆ ಅದು ಒಂದು ದಿನ ಹೊರಬರುತ್ತದೆ ಎನ್ನುವುದು ಮೊದಲ ಪಾಠ.

ಇದಕ್ಕೆ ಪರಿಹಾರವನ್ನು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧವೊಂದರಲ್ಲಿ ವಿವರಿಸಿದರು. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಕಾಯಿ ರುಬ್ಬಿ ಚಟ್ನಿ ಮಾಡಬಹುದು, ಚಟ್ನಿಯಿಂದ ಕಾಯಿಯನ್ನು ಮರಳಿ ತೆಗೆಯಲಾಗದು. ಪಾಸ್‌ವರ್ಡನ್ನೂ ಹಾಗೆಯೇ ಗಣಿತದಲ್ಲಿ ರುಬ್ಬಿ, ಚಟ್ನಿಯನ್ನಷ್ಟೇ ಇಟ್ಟುಕೊಳ್ಳುವುದು. ನೀವು ಲಾಗಿನ್ ಆಗುವಾಗ ಕೊಟ್ಟ ಪದವನ್ನು ಮತ್ತೆ ರುಬ್ಬಿ, ಎರಡೂ ಹೊಂದಿದರೆ ಬಾಗಿಲು ತೆರೆಯುವುದು. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಚಟ್ನಿ ಬೇರೆಯಾಗಲಿ ಎಂದು ಒಬ್ಬೊಬ್ಬರಿಗೆ ಬೇರೆ ಬೇರೆ ಅಂಕಿಯೊಂದನ್ನು ಸೇರಿಸುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರೇ ಸಾಲ್ಟ್, ಅಂದರೆ ಉಪ್ಪು.

ಆದರೆ ಕಳ್ಳನೂ ನಿಘಂಟಿನ ಒಂದೊಂದೇ ಪದವನ್ನು ರುಬ್ಬಿ ಹೋಲಿಸಿ ನೋಡಬಹುದಲ್ಲ? ಮಾರಿಸ್ ಮತ್ತು ಥಾಂಪ್ಸನ್ ಅದನ್ನೂ ಪರೀಕ್ಷಿಸಿದರು. ಅವರು ಸಂಗ್ರಹಿಸಿದ 3,289 ಪಾಸ್‌ವರ್ಡ್‌ಗಳಲ್ಲಿ 2,831, ಅಂದರೆ ಶೇಕಡಾ 86ರಷ್ಟು, ತೀರಾ ಚಿಕ್ಕವು ಇಲ್ಲವೇ ಸುಲಭವಾಗಿ ಊಹಿಸಬಹುದಾದವು. ಕಂಪನಿ ಎಷ್ಟೇ ನುಣ್ಣಗೆ ರುಬ್ಬಿದರೂ, ನಾವು ಕೊಟ್ಟ ಕಾಯಿಯೇ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ.

ಮೂವತ್ತು ವರ್ಷಗಳ ನಂತರವೂ ಈ ಪಾಠವನ್ನು ಎಲ್ಲರೂ ಕಲಿತಿರಲಿಲ್ಲ. ಸಾಮಾಜಿಕ ಜಾಲತಾಣಗಳಿಗೆ ಆಟಗಳನ್ನು ಮಾಡುತ್ತಿದ್ದ ರಾಕ್‌ಯು ಎಂಬ ಕಂಪನಿಯಿಂದ 2009ರ ಡಿಸೆಂಬರಿನಲ್ಲಿ 3 ಕೋಟಿ 20 ಲಕ್ಷ ಪಾಸ್‌ವರ್ಡ್‌ಗಳು ಸೋರಿದವು. ಅವನ್ನು ರುಬ್ಬದೆ ಇದ್ದ ಹಾಗೆಯೇ ಇಟ್ಟಿದ್ದರು. ಅವುಗಳಲ್ಲಿ ಅತಿ ಹೆಚ್ಚು ಮಂದಿ ಬಳಸಿದ್ದು 123456. 2011ರ ಏಪ್ರಿಲ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ ಜಾಲಕ್ಕೆ ಕನ್ನ ಬಿತ್ತು. ಸುಮಾರು 7 ಕೋಟಿ 70 ಲಕ್ಷ ಖಾತೆಗಳ ಮಾಹಿತಿ ಅಪಾಯಕ್ಕೆ ಸಿಲುಕಿ, ಮೂರು ವಾರಕ್ಕೂ ಹೆಚ್ಚು ಕಾಲ ಜಾಲವನ್ನೇ ಮುಚ್ಚಬೇಕಾಯಿತು. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಿದ್ದರೆ ಇದನ್ನು ತಡೆಯಬಹುದಿತ್ತು ಎಂದು ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2013ರಲ್ಲಿ 2,50,000 ಪೌಂಡ್ ದಂಡ ಹಾಕಿತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ!

ಇಂಥ ಪಟ್ಟಿ ಸಿಕ್ಕ ಕಳ್ಳ ಅಲ್ಲಿಗೇ ನಿಲ್ಲುವುದಿಲ್ಲ. ಅದೇ ಇಮೇಲ್, ಅದೇ ಪಾಸ್‌ವರ್ಡನ್ನು ಬೇರೆ ಕಡೆಯೂ ಹಾಕಿ ನೋಡುತ್ತಾನೆ. ಎಲ್ಲ ಕೋಣೆಗೂ ಒಂದೇ ಕೀಲಿ ಇಟ್ಟವರ ಮನೆ ಆಗ ಪೂರ್ತಿ ತೆರೆದುಕೊಳ್ಳುತ್ತದೆ.

ಹೀಗಾಗಿ ಎರಡನೇ ಬೀಗ ಬೇಕಾಯಿತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಚಿನ್ನ, ಆಯುಧಗಳನ್ನು ಕದ್ದು ನಿಜವಾದ ದುಡ್ಡಿಗೆ ಮಾರುವ ದಂಧೆ ಬೆಳೆದಾಗ, ಬ್ಲಿಝಾರ್ಡ್ ಕಂಪನಿ 2008ರ ಜೂನ್‌ನಲ್ಲಿ ಕೀ ಚೈನಿನಷ್ಟು ಚಿಕ್ಕ ಸಾಧನವೊಂದನ್ನು ತಂದಿತು. ಗುಂಡಿ ಒತ್ತಿದರೆ ಒಂದು ಸಲಕ್ಕಷ್ಟೇ ನಡೆಯುವ ಸಂಖ್ಯೆ ಬರುತ್ತಿತ್ತು. ಪಾಸ್‌ವರ್ಡ್ ಕದ್ದವನ ಬಳಿ ಆ ಸಾಧನ ಇರುವುದಿಲ್ಲವಲ್ಲ! ಭಾರತದಲ್ಲಿ ಆನ್‌ಲೈನ್ ಕಾರ್ಡ್ ಪಾವತಿಗೆ ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುರುತು ಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ ಜಾರಿಗೆ ಬಂದದ್ದು 2009ರ ಆಗಸ್ಟ್‌ನಲ್ಲಿ. ಅಂದರೆ ಆಟದ ಕತ್ತಿಗೆ ಎರಡನೇ ಕಾವಲು ಸಿಕ್ಕಿದ್ದು ಅದಕ್ಕೂ ಒಂದು ವರ್ಷ ಮೊದಲು.

ಆದರೂ ಜನ ಸುಲಭಕ್ಕೆ ಒಪ್ಪಲಿಲ್ಲ. ತಿಂಗಳಿಗೆ ಸುಮಾರು 77,000 ಖಾತೆಗಳು ಕಳ್ಳರ ಪಾಲಾಗುತ್ತಿವೆ ಎಂದು ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2015ರಲ್ಲಿ ಹೇಳಿತು. ಫೋರ್ಟ್‌ನೈಟ್‌ನವರಂತೂ 2018ರಲ್ಲಿ, ಎರಡು ಹಂತದ ಲಾಗಿನ್ ಹಾಕಿಕೊಂಡವರ ಪಾತ್ರಕ್ಕೆ ಹೊಸ ಕುಣಿತವೊಂದನ್ನು ಬಹುಮಾನವಾಗಿ ಕೊಟ್ಟರು. ಬುದ್ಧಿವಾದಕ್ಕಿಂತ ಕುಣಿತದ ಆಸೆ ದೊಡ್ಡದು ಎನ್ನುವುದು ಅವರಿಗೆ ಗೊತ್ತಿತ್ತು.

ಆದರೆ ನಕಲಿ ಲಾಗಿನ್ ಪುಟಕ್ಕೆ ಹೋದವರು ಪಾಸ್‌ವರ್ಡಿನ ಜೊತೆ ಈ ಸಂಖ್ಯೆಯನ್ನೂ ತಾವಾಗಿಯೇ ಕಳ್ಳನಿಗೆ ಕೊಟ್ಟುಬಿಡಬಹುದು. ಅದಕ್ಕೆ ಈಗ ಬಂದಿರುವ ಉತ್ತರ ಪಾಸ್‌ಕೀ. ಇದರಲ್ಲಿ ಗುಟ್ಟು ನಿಮ್ಮ ಫೋನಿನಂಥ ಸಾಧನದ ಬಳಿಯೇ ಇರುತ್ತದೆ. ಕಂಪನಿಯ ಬಳಿ ಅದನ್ನು ತಾಳೆ ನೋಡುವ ಸಾಮಗ್ರಿ ಮಾತ್ರ. ನಕಲಿ ವಿಳಾಸಕ್ಕೆ ಅದು ಉತ್ತರವನ್ನೇ ಕೊಡುವುದಿಲ್ಲ. ಪ್ಲೇಸ್ಟೇಷನ್ ಖಾತೆಗಳಿಗೂ 2024ರಲ್ಲಿ ಇದು ಬಂದಿದೆ.

ಈ ಚರಿತ್ರೆಯಿಂದ ನಾವು ಮಾಡಬೇಕಾದ ಕೆಲಸ ಹೆಚ್ಚೇನಿಲ್ಲ. ಮಕ್ಕಳ ಗೇಮಿಂಗ್ ಖಾತೆಗೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇರಲಿ. ಸಾಧ್ಯವಾದರೆ ಪಾಸ್‌ಕೀ, ಇಲ್ಲವಾದರೆ ಎರಡು ಹಂತದ ಲಾಗಿನ್ ಹಾಕಿಸಿ. ಖಾತೆಗೆ ಜೋಡಿಸಿದ ಇಮೇಲ್‌ಗೂ ಅಷ್ಟೇ ಭದ್ರತೆ ಇರಲಿ, ಏಕೆಂದರೆ ಪಾಸ್‌ವರ್ಡ್ ಬದಲಿಸುವ ದಾರಿ ಅದರ ಮೂಲಕವೇ. "ಉಚಿತ ಉಡುಗೊರೆ" ಎಂದು ಬಂದ ಕೊಂಡಿ ಒತ್ತಿ ಲಾಗಿನ್ ಆಗುವುದು ಬೇಡ. ದೇಶ ಬಿಟ್ಟು ಬಂದ ನಮಗೆ ಇನ್ನೊಂದು ಮಾತು: ಊರಿನ ಹಳೆಯ ಸಿಮ್ ಸಂಖ್ಯೆ ಖಾತೆಯಲ್ಲಿ ಉಳಿದಿದ್ದರೆ ಬದಲಿಸಿ. ನಾವು ಬಿಟ್ಟ ಸಂಖ್ಯೆ ಮುಂದೆ ಬೇರೊಬ್ಬರ ಪಾಲಾದರೆ, ನಮ್ಮ ಮನೆಯ ಬಾಗಿಲಿನ ಒಟಿಪಿ ಅವರ ಫೋನಿಗೆ ಹೋಗುತ್ತದೆ.

ಆ ಖಾತೆಯಲ್ಲಿ ಮಗುವಿನ ವರ್ಷಗಳ ಆಟವಿದೆ, ಗೆಳೆಯರಿದ್ದಾರೆ. ಎಷ್ಟೋ ಕಡೆ ಅಪ್ಪ ಅಮ್ಮನ ಕಾರ್ಡೂ ಇದೆ. ಈ ವಾರಾಂತ್ಯ ಹತ್ತು ನಿಮಿಷ ಮಗುವಿನ ಪಕ್ಕದಲ್ಲಿ ಕುಳಿತು ಆ ಬೀಗವನ್ನು ಒಮ್ಮೆ ಎಳೆದು ನೋಡಿ.