ಅಫೀಮಿನ ನಾಡಿನಲ್ಲಿ ಮಾರ್ಫೀನಿನ ಕ್ಷಾಮ

ಮಾಳವದ ಅಫೀಮು ಮುಂಬಯಿ ಬಂದರಿನಿಂದ ಚೀನಕ್ಕೆ ಹೋಗುತ್ತಿದ್ದ ಕಾಲವೊಂದಿತ್ತು; ಆ ನಗರದ ಹಲವು ಸಿರಿವಂತ ಮನೆತನಗಳ ಮೂಲಧನದಲ್ಲಿ ಅದರ ಪಾಲುಂಟು. ಚೀನದ ಸಂಸಾರಗಳನ್ನು ಹಾಳುಗೆಡಹಿದ ಅದೇ ವಸ್ತುವಿನಿಂದ ಜರ್ಮನಿಯ ಸೆರ್ಟ್ಯೂರ್ನರನು 19ನೆಯ ಶತಮಾನದ ಆರಂಭದಲ್ಲಿ ಮಾರ್ಫೀನನ್ನು ಬೇರ್ಪಡಿಸಿದನು. ಅರ್ಬುದರೋಗದ ಕಡುನೋವಿಗೆ ಇಂದಿಗೂ ಅದಕ್ಕೆ ಸಮನಾದ ಔಷಧ ವಿರಳ. ಅಲ್ಪ ನೋವಿಗೆ ಪ್ಯಾರಾಸಿಟಮಾಲ್ ಸಾಕು, ಎಲುಬಿನ ನೋವಿಗೆ ವಿಕಿರಣ ಚಿಕಿತ್ಸೆಯೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಸೂಚಿಸಿದ ಕ್ರಮದಲ್ಲಿ ಮಾರ್ಫೀನು ಮೂರನೆಯ ಮೆಟ್ಟಿಲು. ಪ್ರಮಾಣ ಮೀರಿದರೆ ಉಸಿರೇ ಕುಗ್ಗುವುದು, ಚಟವೂ ಅಂಟೀತು.

ಆದುದರಿಂದ ಭೀತಿ ನಿರಾಧಾರವಲ್ಲ. ಆದರೆ 1985ರ ಮಾದಕದ್ರವ್ಯ ಕಾಯಿದೆಯು ಕಳ್ಳಸಾಗಣೆಗಾರನಿಗೆ ಬೀಸಿದ ಬಲೆಯಲ್ಲಿ ಆಸ್ಪತ್ರೆಗಳೂ ಸಿಕ್ಕಿಬಿದ್ದವು. ಒಂದೇ ಔಷಧಕ್ಕೆ ಹಲವು ಪರವಾನಗಿಗಳು. ಒಂದು ಕೈಸೇರುವಷ್ಟರಲ್ಲಿ ಇನ್ನೊಂದರ ಅವಧಿ ತೀರುತ್ತಿತ್ತು. ಲೆಕ್ಕ ತಪ್ಪಿದರೆ ಸೆರೆಮನೆಯ ಭಯ. 1985ರಿಂದ 1997ರೊಳಗೆ ದೇಶದ ಮಾರ್ಫೀನ್ ಬಳಕೆ ನೂರಕ್ಕೆ 90ಕ್ಕೂ ಮಿಗಿಲಾಗಿ ಕುಸಿಯಿತು. ಅದೇ ಕಾಲದಲ್ಲಿ ಭಾರತವು ಪರದೇಶಗಳ ಔಷಧೋದ್ಯಮಕ್ಕೆ ಅಫೀಮನ್ನು ರಫ್ತುಮಾಡುತ್ತಲೇ ಇತ್ತು!

ಕೇರಳದ ವೈದ್ಯ ಎಂ. ಆರ್. ರಾಜಗೋಪಾಲ್ ಮೊದಲಾದವರ ದೀರ್ಘ ಪ್ರಯತ್ನದ ಬಳಿಕ, 2014ರ ತಿದ್ದುಪಡಿಯಿಂದ ಇಂಥ ಅವಶ್ಯಕ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಬಂದಿತು. ಅಷ್ಟರಲ್ಲಿ ಒಂದು ತಲೆಮಾರಿನ ವೈದ್ಯರಲ್ಲಿ ಬಹುಮಂದಿ ಮಾರ್ಫೀನನ್ನು ಕೈಯಲ್ಲಿ ಹಿಡಿಯದೆಯೇ ವಿದ್ಯೆ ಮುಗಿಸಿ ಹೊರಬಂದಿದ್ದರು.