ಒಳಗಿರುವವರ ಹೆಸರು ಹೊರಗೆ ಕೇಳುತ್ತಿರಲಿ: ಪಿಯುಸಿಎಲ್‌ನ ಐವತ್ತು ವರ್ಷ

ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಪಿಯುಸಿಎಲ್, ಹುಟ್ಟಿದ್ದು 1976ರ ಅಕ್ಟೋಬರ್ 17ರಂದು, ದೆಹಲಿಯಲ್ಲಿ. ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು. ಸೆರೆಯಲ್ಲಿ ಮೂತ್ರಪಿಂಡ ಕೆಟ್ಟು ಹೊರಬಂದಿದ್ದ ಜಯಪ್ರಕಾಶ್ ನಾರಾಯಣ್ ಇದರ ಸ್ಥಾಪಕರು. ಉದ್ಘಾಟಿಸಿದವರು ಆಚಾರ್ಯ ಕೃಪಲಾನಿ, ಅಧ್ಯಕ್ಷರಾದವರು ವಿ.ಎಂ. ತಾರ್ಕುಂಡೆ. ಇಂಥದೊಂದು ಸಂಘ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಹುಡುಕಿ ಕನ್ನಡಿಗರು ದೆಹಲಿಗೆ ಹೋಗಬೇಕಿಲ್ಲ. ಅದು ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲಿನಲ್ಲೇ ಇದೆ.

1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರ ಅವರನ್ನು ಬಂಧಿಸಿ ಆ ಜೈಲಿನಲ್ಲಿಡಲಾಯಿತು. ಅವರ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿಗಳು ಕರ್ನಾಟಕ ಹೈಕೋರ್ಟಿಗೆ ಹೋದವು. ಅರ್ಜಿ ಕೇಳುವ ಅಧಿಕಾರ ತಮಗಿದೆ ಎಂದು ನಮ್ಮದೂ ಸೇರಿ ದೇಶದ ಹಲವು ಹೈಕೋರ್ಟುಗಳು ಹೇಳಿದವು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಎಡಿಎಂ ಜಬಲ್ಪುರ್ ಪ್ರಕರಣದಲ್ಲಿ ಆ ಬಾಗಿಲನ್ನು ಮುಚ್ಚಿತು. ಐವರು ನ್ಯಾಯಮೂರ್ತಿಗಳಲ್ಲಿ ಒಪ್ಪದೆ ನಿಂತವರು ಎಚ್.ಆರ್. ಖನ್ನಾ ಒಬ್ಬರೇ.

ಆ ತೀರ್ಪು ಬಂದ ವಾರದಲ್ಲೇ ನಮ್ಮೂರಿನಲ್ಲಿ ಏನಾಯಿತೆಂದು ನೋಡಬೇಕು. ಮೇ 1ರಂದು ಲಾರೆನ್ಸ್ ಫರ್ನಾಂಡಿಸ್ ಅವರನ್ನು ಬೆಂಗಳೂರಿನಲ್ಲಿ ಪೊಲೀಸರು ಹಿಡಿದರು. ತಲೆಮರೆಸಿಕೊಂಡಿದ್ದ ಅಣ್ಣ, ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಬಾಯಿ ಬಿಡಿಸಲು ಅವರಿಗೆ ಚಿತ್ರಹಿಂಸೆ ಕೊಟ್ಟರು. ತಾಯಿ ಆಲಿಸ್ ಫರ್ನಾಂಡಿಸ್ ಇದನ್ನೆಲ್ಲ ಬರೆದು ರಾಷ್ಟ್ರಪತಿಗಳಿಗೆ ಪತ್ರ ಕಳಿಸಿದರು. ಮೇ 2ರಂದು ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಾಡಿಗೆ ಗೊತ್ತಿದ್ದವರು ಅವರು, ಲೋಹಿಯಾವಾದಿ, ಆಸ್ತಮಾ ರೋಗಿ. ಜಾರ್ಜ್ ಆರೋಪಿಯಾಗಿದ್ದ ಬರೋಡಾ ಡೈನಮೈಟ್ ಪ್ರಕರಣದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಬರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಮೀಸಾ ಕಾಯ್ದೆಯಡಿ ಒಳಗೇ ಇಟ್ಟುಕೊಂಡರು.

ಜೂನ್ 10ರಂದು ಕಲ್ಕತ್ತೆಯಲ್ಲಿ ಜಾರ್ಜ್ ಸಿಕ್ಕಿಬಿದ್ದಾಗ ಸುದ್ದಿ ಯುರೋಪಿಗೆ ಮುಟ್ಟಿತು. ಅವರ ಜೀವಕ್ಕೆ ಕುತ್ತು ಬರಬಾರದೆಂದು ಸೋಷಿಯಲಿಸ್ಟ್ ಇಂಟರ್‌ನ್ಯಾಷನಲ್ ಸಂಘಟನೆಯ ನಾಯಕರಾದ ವಿಲ್ಲಿ ಬ್ರಾಂಟ್, ಓಲಾಫ್ ಪಾಲ್ಮೆ, ಬ್ರೂನೋ ಕ್ರೈಸ್ಕಿ ಇಂದಿರಾ ಗಾಂಧಿಯವರ ಮೇಲೆ ಒತ್ತಡ ತಂದರು. ಜಾರ್ಜ್ 1977ರಲ್ಲಿ ಜೈಲಿನಿಂದಲೇ ಚುನಾವಣೆ ಗೆದ್ದು ಮಂತ್ರಿಯಾದರು. ಸ್ನೇಹಲತಾ ಅವರ ನರಳಾಟ ಮಾತ್ರ ಬಹುಪಾಲು ಜೈಲಿನ ಗೋಡೆಯೊಳಗೇ ಉಳಿಯಿತು. ಆರೋಗ್ಯ ಪೂರ್ತಿ ಕುಸಿದ ಮೇಲೆ 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು, 20ರಂದು ತೀರಿಕೊಂಡರು. ಜೈಲಿನಲ್ಲಿ ಬರೆದ ದಿನಚರಿಯನ್ನು ಅದೇ ವರ್ಷ ಕರ್ನಾಟಕದ ಮಾನವ ಹಕ್ಕುಗಳ ಸಮಿತಿ ಅಚ್ಚು ಹಾಕಿಸಿತು. ಅವರು ಬದುಕಿದ್ದಾಗ ಆ ಹೆಸರನ್ನು ಹೊರಗೆ ಕೂಗಿ ಹೇಳುವವರು ಇನ್ನಷ್ಟು ಮಂದಿ ಇರಬೇಕಿತ್ತು. ಈ ಸಂಘದ ಕೆಲಸವೇನೆಂದು ಕೇಳಿದರೆ ನಾನು ಕೊಡುವ ಉತ್ತರ ಇಷ್ಟೇ: ಒಳಗಿರುವವರ ಹೆಸರು ಹೊರಗೆ ಕೇಳುತ್ತಿರುವಂತೆ ನೋಡಿಕೊಳ್ಳುವುದು.

1980ರಲ್ಲಿ ಪಿಯುಸಿಎಲ್ ಯಾವ ಪಕ್ಷಕ್ಕೂ ಸೇರದ ಸದಸ್ಯತ್ವದ ಸಂಘಟನೆಯಾಯಿತು. ಕರ್ನಾಟಕ ಘಟಕ 2001 ಮತ್ತು 2003ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ವರದಿಗಳನ್ನು ತಂದಿತು. ಬೆಂಗಳೂರಿನ ಹಿಜ್ರಾ, ಕೋಥಿ ಸಮುದಾಯದವರು ಠಾಣೆಗಳಲ್ಲಿ ಅನುಭವಿಸಿದ್ದು ಹಾಗೆ ದಾಖಲೆಯಾಯಿತು.

ಪರರಿಗಾಗಿ ದನಿ ಎತ್ತುವವರೇ ಬಂಧಿಗಳಾದ ಕಾಲವೂ ಬಂತು. ಪಿಯುಸಿಎಲ್‌ನ ರಾಷ್ಟ್ರೀಯ ಉಪಾಧ್ಯಕ್ಷರಾಗಿದ್ದ ವೈದ್ಯ ಬಿನಾಯಕ್ ಸೇನ್ ಅವರನ್ನು 2007ರ ಮೇ 14ರಂದು ಛತ್ತೀಸಗಢದಲ್ಲಿ ಬಂಧಿಸಲಾಯಿತು. ಮರುವರ್ಷ 22 ಮಂದಿ ನೊಬೆಲ್ ಪುರಸ್ಕೃತರು ಅವರ ಬಿಡುಗಡೆಗೆ ಮನವಿ ಮಾಡಿದರು. ಜಾಮೀನು ಸಿಕ್ಕಿದ್ದು 2009ರ ಮೇ ತಿಂಗಳಲ್ಲಿ. ವಕೀಲೆ ಸುಧಾ ಭಾರದ್ವಾಜ್ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2018ರ ಆಗಸ್ಟ್ 28ರಂದು ಬಂಧಿತರಾಗಿ 2021ರ ಡಿಸೆಂಬರಿನಲ್ಲಷ್ಟೇ ಜಾಮೀನಿನ ಮೇಲೆ ಹೊರಬಂದರು. ಅದೇ ಪ್ರಕರಣದಲ್ಲಿ ಸೆರೆಯಾದ ಫಾದರ್ ಸ್ಟ್ಯಾನ್ ಸ್ವಾಮಿ ನಮ್ಮ ಊರಿಗೆ ಹೊಸಬರಲ್ಲ. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. 83ರ ವಯಸ್ಸಿನಲ್ಲಿ, ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದಾಗ ಅವರನ್ನು ಹಿಡಿದರು. ವಿಶ್ವಸಂಸ್ಥೆಯ ತಜ್ಞರು ದನಿ ಎತ್ತಿದರು, ಜಾಮೀನು ಸಿಗಲಿಲ್ಲ. 2021ರ ಜುಲೈ 5ರಂದು ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಬಂಧನ ನಿರಂಕುಶವಾದದ್ದು ಎಂಬ ವಿಶ್ವಸಂಸ್ಥೆಯ ಕಾರ್ಯಕಾರಿ ಗುಂಪಿನ ಅಭಿಪ್ರಾಯ ಹೊರಬಂದದ್ದು ಅವರು ಹೋದ ಮೇಲೆ.

ಹಾಗಾದರೆ ಮನವಿಗಳಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಮನವಿ ತಾನಾಗಿ ಬೀಗ ತೆಗೆಯುವುದಿಲ್ಲ, ನಿಜ. ಆದರೆ ಬಂಧಿಯನ್ನು ಯಾರೂ ಕೇಳುವವರಿಲ್ಲ ಎಂಬ ಧೈರ್ಯವನ್ನು ಅಧಿಕಾರಕ್ಕೆ ಕೊಡುವುದಿಲ್ಲ. ಇಂದು ಬರೆದಿಟ್ಟದ್ದು ನಾಳೆಯ ನ್ಯಾಯಾಲಯಕ್ಕೆ ಬೇಕಾಗುತ್ತದೆ. 1976ರ ಆ ಎಡಿಎಂ ಜಬಲ್ಪುರ್ ತೀರ್ಪನ್ನೇ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ ತಳ್ಳಿಹಾಕಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಈ ಕೆಲಸ ದೊಡ್ಡವರದಷ್ಟೇ ಅಲ್ಲ. ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಕೆಂಗೇರಿಯಲ್ಲೋ ಒಬ್ಬರನ್ನು ಪೊಲೀಸರು ಕರೆದೊಯ್ದರೆ, ಯಾವ ಠಾಣೆ, ಎಷ್ಟು ಹೊತ್ತಿಗೆ, ಯಾವ ಕಾರಣಕ್ಕೆ ಎಂದು ಬರೆದುಕೊಳ್ಳಿ. ಬಂಧನದ ಕಾರಣ ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ಮುನ್ನೆಚ್ಚರಿಕೆ ಬಂಧನದ ಕಾಯ್ದೆ ಹಾಕಿದರೆ ಈ ರಕ್ಷಣೆ ಸಡಿಲವಾಗುತ್ತದೆ, ಅಲ್ಲಿ ನಮ್ಮ ಎಚ್ಚರ ಇಮ್ಮಡಿಯಾಗಬೇಕು. ಬಂಧನದ ಮೆಮೊಗೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ಸುದ್ದಿ ಮುಟ್ಟಬೇಕು ಎಂದು 1996ರ ಡಿ.ಕೆ. ಬಸು ತೀರ್ಪು ಹೇಳಿದೆ. ಇಷ್ಟನ್ನು ಬಲ್ಲ, ಠಾಣೆಯವರೆಗೆ ನಡೆದು ಹೋಗಿ ಕೇಳಬಲ್ಲ ಇಬ್ಬರಾದರೂ ಪ್ರತಿ ಬಡಾವಣೆಯಲ್ಲಿರಬೇಕು. ಐವತ್ತರ ಹೊಸ್ತಿಲಲ್ಲಿ ಸಂಘಕ್ಕೆ ಬೇಕಾಗಿರುವುದು ಹಾರ ತುರಾಯಿಗಳಲ್ಲ, ಅಂಥ ಸದಸ್ಯರು.